ಟ್ರ್ಯಾಕ್ಟರ್ ಇಂಜಿನ್ ಮಿಸ್ ಹೊಡೀತಿದ್ರೆ ಡೀಸೆಲ್ ಪಂಪ್ ಬಿಚ್ಚೋಕೆ ಮುಂಚೆ ಏನೇನು ನೋಡ್ಬೇಕು

ಭದ್ರಾ ನಾಲೆಗೆ ನೀರು ಬಿಟ್ಟು ಮೂರ್ನಾಲ್ಕು ದಿನ ಆಗಿತ್ತು, ಗದ್ದೇಲಿ ರೋಟವೇಟರ್ ಹೊಡೀತಾ ಇದ್ದೆ, ಇದ್ದಕ್ಕಿದ್ದ ಹಾಗೆ ಇಂಜಿನ್ ಸೌಂಡೇ ಬದಲಾಗೋಯ್ತು. ಒಂದೇ ಸಮ ಬಡೀತಿದ್ದದ್ದು ಎರಡು ಏಟು ಹೊಡೆದು ಮೂರನೇದು ನುಂಗಿದ ಹಾಗೆ ಆಗ್ತಿತ್ತು, ಬಾನೆಟ್ ಗಡಗಡ ನಡುಗ್ತಿತ್ತು, ಸೈಲೆನ್ಸರಿಂದ ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ, ಕಣ್ಣುರಿ. ನೋಡೋಕೆ ಬಂದ ಒಬ್ರು ಐದು ನಿಮಿಷ ಕೇಳಿಸ್ಕೊಂಡು "ಪಂಪ್ ಹೋಗಿದೆ, ಬಿಚ್ಚಿ ದಾವಣಗೆರೆಗೆ ಕಳಿಸ್ಬೇಕು" ಅಂದ್ರು. ಪಂಪ್ ಅಂದ್ರೆ ಡೀಸೆಲ್ನ ಪ್ರೆಶರಲ್ಲಿ ನೋಜಲ್‌ಗೆ ಒತ್ತೋ ಇಂಜೆಕ್ಷನ್ ಪಂಪ್. ಅದನ್ನ ಕಳಿಸಿದ್ರೆ ನಾಲ್ಕೈದು ದಿನ ಟ್ರ್ಯಾಕ್ಟರ್ ನಿಲ್ಲುತ್ತೆ, ನಾಟಿ ಆಳುಗಳು ಬೇರೆಯವರ ಗದ್ದೆಗೆ ಹೋಗ್ಬಿಡ್ತಾರೆ, ಮೇಲೆ ಸಾವಿರಾರು ರೂಪಾಯಿ ಖರ್ಚು. ನಮ್ಮ ದೊಡ್ಡಪ್ಪ ಲಾರಿ ಗ್ಯಾರೇಜಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದೋರು, "ತಡಿಯೋ, ಯಾವ ಸಿಲಿಂಡರ್ ಸತ್ತಿದೆ ಅಂತ ಮೊದ್ಲು ನೋಡು, ಆಮೇಲೆ ಪಂಪಿನ ಮಾತು" ಅಂದ್ರು. ಸಂಜೆ ಒಳಗೆ ಸಿಕ್ತು, ಒಂದು ತಾಮ್ರದ ವಾಷರ್. ಅದರ ಕಥೆ ಮುಂದೆ ಬರುತ್ತೆ. ಆವತ್ತಿಂದ ನಾನು ಯಾವ ಇಂಜಿನ್ ಮಿಸ್ ಹೊಡೆದ್ರೂ ಒಂದೇ ಆರ್ಡರಲ್ಲಿ ನೋಡ್ತೀನಿ, ಖರ್ಚಿಲ್ಲದ್ದು ಮೊದಲು, ಖರ್ಚಿಂದು ಕೊನೆಗೆ. ಅದನ್ನೇ ಇಲ್ಲಿ ಬರೀತಿದೀನಿ. ಇದು ಹಳೇ ಥರದ, ಕಂಪ್ಯೂಟರ್ ಇಲ್ಲದ, ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಇಂಜಿನ್ ಮನಸಲ್ಲಿಟ್ಕೊಂಡು ಬರೆದದ್ದು, ಆದ್ರೆ ಎರಡು ಸಿಲಿಂಡರ್ ಸಣ್ಣ ಟ್ರ್ಯಾಕ್ಟರಿಗೂ ನಾಲ್ಕು ಸಿಲಿಂಡರ್ ಹಳೇ ಜೀಪಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ ಅನ್ನೋದು ಎಲ್ರಿಗೂ ಗೊತ್ತು. ಪಿಸ್ಟನ್ ಮೇಲೆ ಬಂದು ಗಾಳಿನ ಹದಿನಾರು ಹದಿನೇಳು ಪಾಲು ಒತ್ತುತ್ತೆ, ಆ ಒತ್ತಡಕ್ಕೇ ಗಾಳಿ 500 ಡಿಗ್ರಿ ಮೇಲೆ ಬಿಸಿ ಆಗುತ್ತೆ, ಅದರೊಳಗೆ ನೋಜಲ್ ಡೀಸೆಲ್ನ ಮಂಜಿನ ಹಾಗೆ ಚಿಮ್ಮಿಸಿದ ತಕ್ಷಣ ಹತ್ಕೊಳುತ್ತೆ. ಹಾಗಾಗಿ ಬೇಕಾಗಿರೋದು ಸಾಕಷ್ಟು ಗಾಳಿ, ಗಾಳಿ ಬೆರೆಯದ ಶುದ್ಧ ಡೀಸೆಲ್, ಕಂಪ್ರೆಷನ್ ಅಂದ್ರೆ ಆ ಒತ್ತಡ, ಮತ್ತೆ ಸರಿಯಾದ ಟೈಮಿಗೆ ಸ್ಪ್ರೇ. ಇಂಜಿನ್ ನಡುಗ್ತಿದೆ ಅಂದ್ರೆ ಇದ್ರಲ್ಲಿ ಒಂದು ಯಾವ್ದೋ ಒಂದು ಸಿಲಿಂಡರಿಗೆ ಸಿಗ್ತಿಲ್ಲ, ಇಲ್ಲಾ ಎಲ್ಲ ಸಿಲಿಂಡರಿಗೂ ಕಮ್ಮಿ ಸಿಗ್ತಿದೆ. ಈ ಎರಡರಲ್ಲಿ ಯಾವ್ದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಶುರು ಮಾಡೋಕೆ ಮುಂಚೆ

ಗೇರ್ ನ್ಯೂಟ್ರಲ್, ಪಿಟಿಓ (ಹಿಂದಿನ ರೋಟವೇಟರ್ ತಿರುಗಿಸೋ ಶಾಫ್ಟ್) ಆಫ್, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕಕ್ಕಿಡಿ, ಲುಂಗಿ ಬಿಟ್ಟು ಪ್ಯಾಂಟ್ ಹಾಕ್ಕೊಳ್ಳಿ, ಓಡ್ತಿರೋ ಇಂಜಿನ್ ಮುಂದೆ ಬಗ್ಗಿ ಕೆಲಸ ಮಾಡುವಾಗ ಫ್ಯಾನಿಗೆ ಬಟ್ಟೆ ಸಿಕ್ಕಿದ್ರೆ ಎಳ್ಕೊಳೋಕೆ ಒಂದು ಕ್ಷಣ ಸಾಕು.

ಇನ್ನೊಂದು ಇದಕ್ಕಿಂತ ದೊಡ್ಡದು. ಪಂಪಿಂದ ನೋಜಲ್‌ಗೆ ಹೋಗೋ ಸಣ್ಣ ಉಕ್ಕಿನ ಪೈಪಲ್ಲಿ ಹಳೇ ಇಂಜಿನ್‌ಲೂ ಇನ್ನೂರು ಬಾರ್ ಆಸುಪಾಸು ಪ್ರೆಶರ್ ಇರುತ್ತೆ, ಟ್ರ್ಯಾಕ್ಟರ್ ಟೈರಲ್ಲಿರೋದು ಎರಡು ಬಾರ್ ಅಂತ ನೆನೆಸ್ಕೊಂಡ್ರೆ ಅಂದಾಜು ಸಿಗುತ್ತೆ. ಅಲ್ಲಿ ಸಣ್ಣ ಬಿರುಕಿಂದ ಚಿಮ್ಮೋ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಮೇಲೆ ನೋಡಿದ್ರೆ ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಜಾಸ್ತಿ ಇರಲ್ಲ, ಆದ್ರೆ ಒಳಗೆ ಮಾಂಸ ಕೊಳೆಯೋಕೆ ಶುರುವಾಗುತ್ತೆ, ತಡ ಮಾಡಿದ್ರೆ ಬೆರಳು ಕತ್ತರಿಸೋ ಹಂತಕ್ಕೆ ಬರುತ್ತೆ. ಲೀಕ್ ಹುಡುಕೋಕೆ ಯಾವತ್ತೂ ಕೈ ಆಡಿಸ್ಬೇಡಿ, ರಟ್ಟಿನ ತುಂಡು ಹಿಡೀರಿ. ಹಾಗೇನಾದ್ರೂ ಚುಚ್ಚಿದ್ರೆ ಮನೇಲಿ ಅರಿಶಿನ ಹಚ್ಕೊಂಡು ಕೂರ್ದೆ ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ, ಪ್ರೆಶರಲ್ಲಿ ಡೀಸೆಲ್ ಒಳಗೆ ಹೋಗಿದೆ ಅಂತಾನೇ ಬಾಯ್ಬಿಟ್ಟು ಹೇಳಿ.

ಕಿವಿ, ಮೂಗು, ಹೊಗೆ

ಸ್ಪ್ಯಾನರ್ ಹಿಡಿಯೋಕೆ ಮುಂಚೆ ಯಾವಾಗ ನಡುಗುತ್ತೆ ಅಂತ ಗಮನಿಸಿ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಮಿಸ್ ಹೊಡೆದು ಬಿಸಿ ಆದ್ಮೇಲೆ ಸರಿ ಹೋದ್ರೆ ಕಂಪ್ರೆಷನ್ ಇಲ್ಲಾ ನೋಜಲ್ ಕಡೆ ಅನುಮಾನ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಒದ್ದಾಡಿದ್ರೆ ಡೀಸೆಲ್ ಸಾಕಷ್ಟು ಬರ್ತಿಲ್ಲ. ಸ್ಲೋದಲ್ಲಿ ಉಸಿರಾಡಿದ ಹಾಗೆ ಏರಿ ಇಳಿದು ಏರಿ ಇಳಿದು ಮಾಡಿದ್ರೆ ಡೀಸೆಲ್ಲಿಗೆ ಏರ್ ಸೇರಿದೆ, ಇಲ್ಲಾ ಇಂಜಿನ್ ಸ್ಪೀಡ್ ಹಿಡಿತದಲ್ಲಿಡೋ ಗವರ್ನರ್ ತೊಂದರೆ. ಇಡೀ ಗಾಡಿ ನಡುಗ್ತಿದೆ ಆದ್ರೆ ಸೈಲೆನ್ಸರ್ ಏಟು ಒಂದೇ ಸಮ ಇದೆ ಅಂದ್ರೆ ಅದು ಮಿಸ್ಸಿಂಗೇ ಅಲ್ಲ, ಫ್ಯಾನ್ ರೆಕ್ಕೆ ಮುರಿದಿದ್ಯಾ, ಮೌಂಟಿಂಗ್ ಬೋಲ್ಟ್ ಲೂಸಾಗಿದ್ಯಾ ನೋಡಿ.

ಹೊಗೆ ಕಪ್ಪಗಿದ್ರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ನೀಲಿ ಇದ್ರೆ ಇಂಜಿನ್ ಆಯಿಲ್ ಸುಡ್ತಿದೆ. ಬಿಳಿ ಹೊಗೆಯಲ್ಲಿ ಎರಡು ಥರ ಇದೆ, ಇಲ್ಲೇ ತುಂಬಾ ಜನ ಮೋಸ ಹೋಗೋದು. ಕಣ್ಣು ಉರಿಸೋ, ಹಸಿ ಡೀಸೆಲ್ ವಾಸನೆ ಬರೋ ಬಿಳಿ ಹೊಗೆ ಅಂದ್ರೆ ಡೀಸೆಲ್ ಸುಡದೆ ಹಾಗೇ ಹೊರಗೆ ಬರ್ತಿದೆ. ಕಣ್ಣುರಿ ಇಲ್ದೆ ಇಡ್ಲಿ ಪಾತ್ರೆ ಆವಿ ಥರ ಬಂದು ಗಾಳೀಲಿ ಬೇಗ ಕರಗಿ ಹೋದ್ರೆ, ಜೊತೆಗೆ ರೇಡಿಯೇಟರಲ್ಲಿ ನೀರೂ ಕಮ್ಮಿ ಆಗ್ತಿದ್ರೆ, ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯ ಇರೋ ಹೆಡ್ ಗ್ಯಾಸ್ಕೆಟ್ ಕಡೆ ನೋಡ್ಬೇಕು.

ಆಯಿಲ್ ಕಡ್ಡಿ ಈಗಲೇ ತೆಗೆದು ನೋಡ್ಬಿಡಿ. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ಸ್ಟಾರ್ಟೇ ಮಾಡ್ಬೇಡಿ. ಲೆವೆಲ್ ಏರಿದೆ, ತೆಳ್ಳಗಾಗಿದೆ, ಡೀಸೆಲ್ ವಾಸನೆ ಇದೆ ಅಂದ್ರೆ ಟ್ಯಾಂಕಿಂದ ಡೀಸೆಲ್ ಎಳೆದು ಕೊಡೋ ಫೀಡ್ ಪಂಪಿನ ರಬ್ಬರ್ ಪರದೆ (ಡಯಾಫ್ರಮ್) ಹರಿದು ಡೀಸೆಲ್ ಕೆಳಗಿನ ಆಯಿಲ್ ತೊಟ್ಟಿಗೆ ಇಳೀತಿರಬಹುದು, ಇದನ್ನ ಹಗುರವಾಗಿ ತಗೋಬೇಡಿ. ಲೆವೆಲ್ ಮೇಲೆ ಬಂದು ಆ ಆಯಿಲ್ಲೇ ಸಿಲಿಂಡರಿಗೆ ಸೇರಿದ್ರೆ ಇಂಜಿನ್ ಅದನ್ನೇ ಕುಡಿದು ತಾನಾಗೇ ರೇಸ್ ಆಗ್ತಾ ಹೋಗುತ್ತೆ, ಸ್ಟಾಪ್ ನಾಬ್ ಎಳೆದ್ರೂ ನಿಲ್ಲಲ್ಲ. ಅಂಥ ಹೊತ್ತಲ್ಲಿ ಗಾಳಿ ಹೋಗೋ ಬಾಯಿನ ಹಲಗೆ ಇಟ್ಟು ಪೂರ್ತಿ ಮುಚ್ಚೋದೊಂದೇ ದಾರಿ, ಅಂಗೈ ಕೊಡ್ಬೇಡಿ.

ಡೀಸೆಲ್ ದಾರಿ

ಟ್ಯಾಂಕ್ ಮುಚ್ಚಳದಿಂದ ಶುರು ಮಾಡಿ. ಮುಚ್ಚಳದಲ್ಲಿ ಗಾಳಿ ಹೋಗೋಕೆ ಒಂದು ಸಣ್ಣ ತೂತು ಇರುತ್ತೆ, ಗದ್ದೆ ಕೆಸರು ಒಣಗಿ ಅದು ಮುಚ್ಕೊಂಡ್ರೆ ಟ್ಯಾಂಕೊಳಗೆ ನಿರ್ವಾತ ಆಗಿ ಡೀಸೆಲ್ ಕೆಳಗಿಳಿಯಲ್ಲ. ಇಂಜಿನ್ ಒದ್ದಾಡ್ತಿರೋವಾಗ್ಲೇ ಮುಚ್ಚಳ ತಿರುಗಿಸಿ, ಉಸ್ ಅಂತ ಗಾಳಿ ಎಳ್ಕೊಂಡು ಒಂದೆರಡು ನಿಮಿಷದಲ್ಲಿ ಇಂಜಿನ್ ಸರಿಯಾದ್ರೆ ಮುಗೀತು, ಸೂಜಿ ಹಾಕಿ ತೂತು ಬಿಡಿಸಿ.

ಆಮೇಲೆ ಡೀಸೆಲ್ ದಾರೀಲಿ ನೀರು ಕಸ ನಿಲ್ಲೋ ಗಾಜಿನ ಬಟ್ಟಲು, ಫಿಲ್ಟರ್ ಕೆಳಗಿನ ಡ್ರೈನ್ ಪ್ಲಗ್. ಬಿಳಿ ಸ್ಟೀಲ್ ಲೋಟಕ್ಕೆ ಸ್ವಲ್ಪ ಬಿಟ್ಕೊಂಡು ಎರಡು ನಿಮಿಷ ಸುಮ್ನೆ ಇಡಿ. ನೀರಿದ್ರೆ ತಳದಲ್ಲಿ ಗೋಲಿ ಗೋಲಿಯಾಗಿ ಕೂತಿರುತ್ತೆ, ಲೋಟ ಓರೆ ಮಾಡಿದ್ರೆ ಡೀಸೆಲ್ ಒಳಗೇ ಉರುಳಾಡುತ್ತೆ. ಮಳೆಗಾಲದಲ್ಲಿ ಬ್ಯಾರಲ್ಲಿಂದ ಕ್ಯಾನಲ್ಲಿ ತಂದು ಸುರಿಯೋರಿಗೆ ಇದು ತಪ್ಪಿದ್ದಲ್ಲ, ಅರ್ಧ ಖಾಲಿ ಟ್ಯಾಂಕಲ್ಲಿ ರಾತ್ರಿ ತಂಪಿಗೆ ಒಳಗೋಡೆ ಬೆವತು ಸೇರೋ ನೀರೂ ಇದೆ, ಅದಕ್ಕೇ ಕೆಲಸ ಮುಗಿಸಿ ಸಂಜೆ ಟ್ಯಾಂಕ್ ತುಂಬಿಸಿಡೋದು ಒಳ್ಳೇದು. ಫಿಲ್ಟರ್ ಹಾಕಿ ಎಷ್ಟು ಗಂಟೆ ಆಯ್ತು ಅಂತ ನೆನಪಿಲ್ದಿದ್ರೆ ಹೊಸದು ಹಾಕ್ಬಿಡಿ. ಹಳೇ ಫಿಲ್ಟರನ್ನ ಡೀಸೆಲಲ್ಲಿ ತೊಳೆದು ಮತ್ತೆ ಹಾಕೋದು ಬೇಡ, ಕಾಗದ ಸಡಿಲ ಆಗಿ ಕಸ ನೇರ ಪಂಪಿಗೆ ಹೋಗುತ್ತೆ. ಪಂಪಿನೊಳಗೆ ಡೀಸೆಲ್ ಒತ್ತೋ ಪ್ಲಂಜರಿಗೂ ಅದು ಓಡಾಡೋ ಕೊಳವೆಗೂ ಮಧ್ಯ ಇರೋ ಸಂದು ಕೆಲವೇ ಮೈಕ್ರಾನ್, ನಮ್ಮ ತಲೆಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಭಾಗವೂ ಇಲ್ಲ, ಅಲ್ಲಿ ಕಣ್ಣಿಗೆ ಕಾಣದ ಮರಳೂ ಗೀರು ಹಾಕುತ್ತೆ.

ಏರ್ ತೆಗೆಯೋದು

ನಾನು ನೋಡಿದ ಮಿಸ್ಸಿಂಗಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿದಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಡೀಸೆಲ್ ಒತ್ತಿದ್ರೆ ಕುಗ್ಗಲ್ಲ ಅನ್ನೋ ಲೆಕ್ಕದ ಮೇಲೆ ಪಂಪ್ ಕೆಲಸ ಮಾಡೋದು, ಗಾಳಿ ಗುಳ್ಳೆ ಒತ್ತಿದ್ರೆ ಕುಗ್ಗುತ್ತೆ, ಹಾಗಾಗಿ ಪಂಪ್ ಒತ್ತಿದ್ರೂ ನೋಜಲ್ ತೆರೆಯೋಷ್ಟು ಪ್ರೆಶರ್ ಬರಲ್ಲ, ಆ ಏಟು ಖಾಲಿ ಹೋಗುತ್ತೆ.

ಫಿಲ್ಟರ್ ತಲೆ ಮೇಲೆ ಏರ್ ಬಿಡೋಕೆ ಇರೋ ಬ್ಲೀಡ್ ಸ್ಕ್ರೂ ಸುತ್ತ ಮೊದಲು ಒರೆಸಿ, ಕಸ ಒಳಗೆ ಹೋಗ್ಬಾರ್ದು. ಟ್ಯಾಂಕಿಗೆ ಹತ್ತಿರ ಇರೋ ಫಿಲ್ಟರ್ ಸ್ಕ್ರೂ ಎರಡು ಸುತ್ತು ಲೂಸ್ ಮಾಡಿ ಫೀಡ್ ಪಂಪಿನ ಕೈ ಲಿವರ್ ಒತ್ತಿ. ಲಿವರ್ ಸಡಿಲವಾಗಿ ಓಡಾಡ್ತಿದೆ, ಒತ್ತಡಾನೇ ಸಿಗ್ತಿಲ್ಲ ಅಂದ್ರೆ ಫೀಡ್ ಪಂಪ್ ಕೆಟ್ಟಿದೆ ಅಂತ ತಕ್ಷಣ ಅಂದ್ಕೋಬೇಡಿ, ಒಳಗಿನ ಕ್ಯಾಮ್ ಡಯಾಫ್ರಮ್‌ನ ಎತ್ತಿ ಹಿಡ್ಕೊಂಡಿರುತ್ತೆ, ಇಂಜಿನ್ನ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ ನೋಡಿ. ಸ್ಕ್ರೂ ಹತ್ರ ಮೊದಲು ಬುಸ್ ಬುಸ್ ಅಂತ ನೊರೆ ಬರುತ್ತೆ, ಸೋಪಿನ ನೊರೆ ಥರ ಬಿಳಿಯಾಗಿ, ಆಮೇಲೆ ದೊಡ್ಡ ದೊಡ್ಡ ಗುಳ್ಳೆ, ಆಮೇಲೆ ಒಂದೊಂದೇ, ಕೊನೆಗೆ ಗುಳ್ಳೆ ಇಲ್ದೆ ಬರೀ ಡೀಸೆಲ್ ಸಣ್ಣ ದಾರವಾಗಿ ಹರಿಯುತ್ತೆ. ಹರಿಯುತ್ತಿರೋವಾಗ್ಲೇ ಸ್ಕ್ರೂ ಟೈಟ್ ಮಾಡಿ, ಲಿವರ್ ಬಿಟ್ಟು ಆಮೇಲೆ ಟೈಟ್ ಮಾಡಿದ್ರೆ ಮತ್ತೆ ಗಾಳಿ ಎಳ್ಕೊಳುತ್ತೆ. ಮುಂದಿನ ಫಿಲ್ಟರ್, ಆಮೇಲೆ ಪಂಪಿನ ಮೇಲಿರೋ ಸ್ಕ್ರೂ, ಇದೇ ಆರ್ಡರ್. ಕೊನೆಗೆ ನೋಜಲ್ ಪೈಪ್ ನಟ್‌ಗಳನ್ನ ಒಂದು ಸುತ್ತು ಲೂಸ್ ಮಾಡಿ, ಸೆಲ್ಫ್ ಹತ್ತು ಸೆಕೆಂಡ್ ಹೊಡೀರಿ, ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಿ. ಸೆಲ್ಫ್ ಮೋಟರಿಗೆ ಮಧ್ಯ ಮಧ್ಯ ಒಂದು ನಿಮಿಷ ರೆಸ್ಟ್ ಕೊಡಿ.

ಏರ್ ತೆಗೆದು ಎರಡು ದಿನಕ್ಕೆ ಮತ್ತೆ ಬಂತು ಅಂದ್ರೆ ಎಲ್ಲೋ ಎಳ್ಕೊಳ್ತಿದೆ. ಟ್ಯಾಂಕಿಗೂ ಫೀಡ್ ಪಂಪಿಗೂ ಮಧ್ಯೆ ಲೀಕಿದ್ರೆ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗ್ತಿರುತ್ತೆ, ಆದ್ರಿಂದ ಒದ್ದೆ ಆಗಿಲ್ಲ ಅಂತ ಬಿಡಂಗಿಲ್ಲ. ಪೈಪ್ ಜೋಡಿಸೋ, ಮಧ್ಯ ತೂತಿರೋ ಬಾಂಜೋ ಬೋಲ್ಟಿನ ಎರಡೂ ಕಡೆ ತಾಮ್ರದ ವಾಷರ್, ಗಾಜಿನ ಬಟ್ಟಲಿನ ರಬ್ಬರ್, ಕ್ಲ್ಯಾಂಪ್ ಕೆಳಗೆ ಸೀಳಿರೋ ಪೈಪ್, ಇವೇ ಜಾಗ. ಫಿಲ್ಟರಿಂದ ಪಂಪಿಗೆ ಹೋಗೋ ಕಡೆ ಒಂದಡಿ ಪಾರದರ್ಶಕ ಪೈಪ್ ಹಾಕಿ ಇಂಜಿನ್ ಓಡಿಸಿದ್ರೆ ಗುಳ್ಳೆ ಹೋಗೋದು ಕಣ್ಣಿಗೇ ಕಾಣುತ್ತೆ. ಇನ್ನೂ ಅನುಮಾನ ಇದ್ರೆ ಶುದ್ಧ ಕ್ಯಾನಲ್ಲಿ ಸೋಸಿದ ಡೀಸೆಲ್ ತುಂಬಿ ಇಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ ನೇರ ಪಂಪಿಗೆ ಕೊಡಿ, ಸೈಲೆನ್ಸರ್ ಕಡೆ ಮಾತ್ರ ಕಟ್ಬೇಡಿ. ಅದರಲ್ಲಿ ನಯವಾಗಿ ಓಡಿದ್ರೆ ತೊಂದರೆ ಟ್ಯಾಂಕಿಂದ ಫಿಲ್ಟರ್ ಒಳಗೇ ಇದೆ, ಪಂಪ್ ಮುಟ್ಟೋ ಹಾಗೇ ಇಲ್ಲ.

ಏರ್ ಕ್ಲೀನರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗಾಳಿನ ಆಯಿಲ್ಲಲ್ಲಿ ಸೋಸೋ ಆಯಿಲ್ ಬಾತ್ ಆದ್ರೆ ಬಟ್ಟಲು ಕಳಚಿ ಕೆಸರು ತೆಗೆದು ಗುರುತಿನ ತನಕ ಹೊಸ ಆಯಿಲ್, ಡ್ರೈ ಟೈಪ್ ಆದ್ರೆ ಹೊಸ ಎಲಿಮೆಂಟ್. ರಾಗಿ, ಜೋಳ ಒಕ್ಕಣೆ ಟೈಮಲ್ಲಿ ಹೊಟ್ಟು ತುಂಬಿ ಕಪ್ಪು ಹೊಗೆ ಬಂದ್ರೆ ಮೊದಲು ಇದನ್ನೇ ನೋಡಿ.

ಯಾವ ಸಿಲಿಂಡರ್?

ಇಂಜಿನ್ ಸ್ಲೋದಲ್ಲಿ ಓಡ್ಲಿ. ನೋಜಲ್ ಮೇಲೆ ಉಕ್ಕಿನ ಪೈಪ್ ಸೇರೋ ನಟ್ ಇದ್ಯಲ್ಲ, ಸಾಮಾನ್ಯ 17 ಇಲ್ಲಾ 19ರ ಸ್ಪ್ಯಾನರ್, ಒಂದನೇ ಸಿಲಿಂಡರಿಂದು ಅರ್ಧ ಸುತ್ತು ಲೂಸ್ ಮಾಡಿ, ಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಖ ದೂರ ಇಡಿ, ಕನ್ನಡಕ ಇದ್ರೆ ಹಾಕ್ಕೊಳ್ಳಿ. ಆ ಸಿಲಿಂಡರ್ ಚೆನ್ನಾಗಿ ಕೆಲಸ ಮಾಡ್ತಿತ್ತು ಅಂದ್ರೆ ಇಂಜಿನ್ ಇನ್ನೂ ಜಾಸ್ತಿ ಕುಂಟುತ್ತೆ, ಸ್ಪೀಡ್ ಇಳಿಯುತ್ತೆ. ಟೈಟ್ ಮಾಡಿ, ಎರಡನೇದು ಲೂಸ್ ಮಾಡಿ, ಹಾಗೇ ಮೂರನೇದು. ಯಾವ ನಟ್ ಲೂಸ್ ಮಾಡಿದಾಗ ಸೌಂಡ್ ಬದಲಾಗೋದೇ ಇಲ್ವೋ ಅದೇ ಸತ್ತ ಸಿಲಿಂಡರ್. ನಟ್ ಬಿಗಿ ಮಾಡುವಾಗ ಪೈಪ್ ತಿರುಚದ ಹಾಗೆ ನೋಡ್ಕೊಳ್ಳಿ.

ನಟ್ ಮುಟ್ಟೋಕೆ ಧೈರ್ಯ ಬರದಿದ್ರೆ ಇನ್ನೊಂದು ದಾರಿ ಇದೆ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೆ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಮೂರು ಬಾಯಿ ಹತ್ರ ಒದ್ದೆ ಬಟ್ಟೆಯಿಂದ ಒಂದೊಂದೇ ಹನಿ ಹಾಕಿ, ಎರಡು ಕಡೆ ಚುರ್ ಅಂದು ಒಂದು ಕಡೆ ಸುಮ್ನೆ ಕೂತಿದ್ರೆ ಅದೇ.

ಯಾವ ಸಿಲಿಂಡರ್ ಲೂಸ್ ಮಾಡಿದ್ರೂ ಸಮನಾಗಿ ಇಳೀತಿದೆ ಅಂದ್ರೆ ತೊಂದರೆ ಎಲ್ಲಕ್ಕೂ ಸೇರಿದ್ದು, ಡೀಸೆಲ್, ಗಾಳಿ, ಟೈಮಿಂಗ್ ಕಡೆ ವಾಪಸ್ ಹೋಗಿ.

ನೋಜಲ್, ಮತ್ತೆ ಆ ವಾಷರ್

ನಮ್ಮದರಲ್ಲಿ ಸತ್ತಿದ್ದು ಎರಡನೇದು. ದೊಡ್ಡಪ್ಪ ನೋಜಲ್ ಬುಡಕ್ಕೆ ಟಾರ್ಚ್ ಬಿಟ್ಟು ನೋಡಿದ್ರು, ಸುತ್ತಲೂ ಡಾಂಬರ್ ಥರ ಕಪ್ಪಗೆ ಅಂಟಿಕೊಂಡಿತ್ತು, ಕಿವಿ ಹತ್ರ ಹಿಡಿದ್ರೆ ಚಸ್ ಚಸ್ ಅಂತ ಸಣ್ಣ ಸೌಂಡ್. ಕಂಪ್ರೆಷನ್ ಅಲ್ಲಿಂದ ಸೋರ್ತಿತ್ತು. ಬಿಚ್ಚಿ ನೋಡಿದ್ರೆ ನೋಜಲ್ ತುದೀಲಿ ಒಂದು ವಾಷರ್ ಬಂತು, ಗುಂಡಿ ತಳದಲ್ಲಿ ಇನ್ನೊಂದು ಕಪ್ಪಾಗಿ ಹೆಡ್ಡಿಗೇ ಅಂಟಿಕೊಂಡು ಕೂತಿತ್ತು. ತಿಂಗಳ ಹಿಂದೆ ನೋಜಲ್ ಸರ್ವೀಸ್ ಮಾಡಿಸಿದಾಗ ಹಳೇದನ್ನ ತೆಗೀದೆ ಅದರ ಮೇಲೇ ಹೊಸದು ಹಾಕಿದಾರೆ. ಎರಡು ವಾಷರ್ ಆದ್ರೆ ನೋಜಲ್ ತುದಿ ಎತ್ತರಕ್ಕೆ ಹೋಗಿ ಸ್ಪ್ರೇ ಬೀಳೋ ಜಾಗ ತಪ್ಪುತ್ತೆ, ಸೀಟಿಂಗೂ ಸರಿ ಕೂರಲ್ಲ, ಲೋಡಿಗೆ ಬಂದ ದಿನ ಬಿಟ್ಕೊಳುತ್ತೆ. ಹಳೇದನ್ನ ತಂತಿ ಕೊಕ್ಕೆ ಮಾಡಿ ಎಬ್ಬಿಸಿ ತೆಗೆದ್ವಿ, ಗುಂಡಿ ತಳದ ಕಾರ್ಬನ್ ಮರದ ಕಡ್ಡೀಲಿ ಕೆರೆದ್ವಿ, ಕಸ ಹೊರಗೆ ಹಾರ್ಲಿ ಅಂತ ನೋಜಲ್ ಇಲ್ದೆ ಎರಡು ಸುತ್ತು ಸೆಲ್ಫ್ ಹೊಡೆದ್ವಿ, ಹೊಸ ವಾಷರ್ ಒಂದೇ ಹಾಕಿ ಎರಡೂ ನಟ್ಟನ್ನ ಆ ಕಡೆ ಕಾಲು ಸುತ್ತು ಈ ಕಡೆ ಕಾಲು ಸುತ್ತು ಅಂತ ಸಮವಾಗಿ ಬಿಗಿದ್ವಿ. ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷ ಹೊಗೆ ಬಂದು ಆಮೇಲೆ ಒಂದೇ ಸಮ ಬಡಿಯೋಕೆ ಶುರುವಾಯ್ತು. ಪಂಪಿಗೆ ಏನೂ ಆಗಿರ್ಲಿಲ್ಲ.

ವಾಷರ್ ಸರಿ ಇದ್ರೆ ಅದಲು ಬದಲು ಮಾಡಿ. ಸತ್ತ ಸಿಲಿಂಡರಿನ ನೋಜಲ್ ಪಕ್ಕದ್ದಕ್ಕೆ, ಪಕ್ಕದ್ದು ಇಲ್ಲಿಗೆ. ಮಿಸ್ಸಿಂಗ್ ನೋಜಲ್ ಜೊತೆ ಹೋದ್ರೆ ನೋಜಲ್ ತಪ್ಪು, ಅಲ್ಲೇ ಉಳಿದ್ರೆ ಕಂಪ್ರೆಷನ್ ಇಲ್ಲಾ ಪಂಪ್. ನೋಜಲನ್ನೇ ಅನುಮಾನಿಸಿದ್ರೆ ಡೀಸೆಲ್ ಪಂಪ್ ರಿಪೇರಿ ಮಾಡೋ ಅಂಗಡೀಲಿ ಟೆಸ್ಟರ್ ಮೇಲೆ ನಿಮ್ಮ ಎದುರಿಗೇ ಹೊಡೆಸಿ ನೋಡಿ, ಬೇಗ ಆಗೋ ಕೆಲಸ. ಒಳ್ಳೇ ನೋಜಲ್ ಕಿರ್ ಕಿರ್ ಅಂತ ಸದ್ದು ಮಾಡಿ ಎಲ್ಲ ತೂತಿಂದಲೂ ಸಮ ಮಂಜು ಬಿಡುತ್ತೆ, ನಿಂತ ಮೇಲೆ ತುದಿ ಒಣಗಿರುತ್ತೆ. ಪಿಚಕಾರಿ ಥರ ಒಂದೇ ಧಾರೆ ಬಂದ್ರೆ, ತುದೀಲಿ ಹನಿ ತೂಗಾಡಿದ್ರೆ ಅದು ಕೆಟ್ಟಿದೆ, ಹನಿ ತೊಟ್ಟಿಕ್ಕೋ ನೋಜಲ್ ಪಿಸ್ಟನ್ ತಲೆನೇ ಸುಟ್ಟು ತೂತು ಮಾಡಬಲ್ಲದು.

ನಮ್ಮ ಕಡೆ ಹಳಬರು ಈಗಲೂ ಪಂಪಿಗೆ ಮೈಕೋ ಪಂಪ್ ಅಂತಾನೇ ಹೇಳೋದು. ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಶುರುವಾದದ್ದು, ಬೆಂಗಳೂರಿನ ಆಡುಗೋಡಿ ಫ್ಯಾಕ್ಟರಿ, 2008ರಲ್ಲಿ ಹೆಸರು ಬಾಷ್ ಅಂತ ಬದಲಾದ್ರೂ ಬಾಯಲ್ಲಿ ಮೈಕೋನೇ ಉಳೀತು. ಎಷ್ಟೋ ಹಳ್ಳಿಯ ಟ್ರ್ಯಾಕ್ಟರ್ ಪಂಪ್ ಸೆಟ್ ಅದೇ ಪಂಪು ನೋಜಲಿಂದ ಓಡಿದಾವೆ ಅಂತ ನೆನೆಸ್ಕೊಂಡ್ರೆ ನನಗೆ ಹೆಮ್ಮೆ ಅನ್ಸುತ್ತೆ.

ಟ್ಯಾಪೆಟ್, ಕಂಪ್ರೆಷನ್

ಟ್ಯಾಪೆಟ್ ಸಂದು, ಅಂದ್ರೆ ವಾಲ್ವ್ ತುದಿಗೂ ಅದನ್ನ ಒತ್ತೋ ರಾಕರಿಗೂ ಮಧ್ಯ ಬಿಡೋ ಸಂದು, ಕಮ್ಮಿ ಆದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ವಾಲ್ವ್ ಅಂಚು ಸುಡುತ್ತೆ. ಜಾಸ್ತಿ ಆದ್ರೆ ಟಿಕ್ ಟಿಕ್ ಸೌಂಡ್. ಅಳತೆ ನಿಮ್ಮ ಗಾಡಿ ಪುಸ್ತಕದಲ್ಲೇ ನೋಡಿ, ತುಂಬಾ ಇಂಜಿನ್‌ಗೆ 0.25ರಿಂದ 0.40 ಎಂಎಂ ಒಳಗೆ ಇರುತ್ತೆ, ಗಾಳಿ ಒಳಗೆ ಬಿಡೋ ಒಳವಾಲ್ವಿಗೂ ಹೊಗೆ ಹೊರಗೆ ಬಿಡೋ ಎಗ್ಸಾಸ್ಟಿಗೂ ಬೇರೆ ಇರಬಹುದು, ಇಂಜಿನ್ ತಣ್ಣಗಿರ್ಬೇಕಾ ಬಿಸಿ ಇರ್ಬೇಕಾ ಅಂತಾನೂ ಅದರಲ್ಲೇ ಇರುತ್ತೆ. ಸ್ಟಾಪ್ ನಾಬ್ ಎಳೆದಿಟ್ಟು ಇಂಜಿನ್ನ ಕೈಯಿಂದ ತಿರುಗಿಸ್ತಾ ಹೋಗಿ. ಒಂದು ಸಿಲಿಂಡರಿನ ಎಗ್ಸಾಸ್ಟ್ ವಾಲ್ವ್ ಮುಚ್ಚಿ ಮುಗಿಯೋ ಹೊತ್ತಿಗೆ ಒಳವಾಲ್ವ್ ತೆರೆಯೋಕೆ ಶುರು ಆಗುತ್ತಲ್ಲ, ಎರಡೂ ರಾಕರ್ ಏಕಕಾಲಕ್ಕೆ ಅಲ್ಲಾಡೋ ಆ ಜಾಗಕ್ಕೆ ನಿಲ್ಲಿಸಿ, ಅಲ್ಲಿಂದ ಸರಿಯಾಗಿ ಒಂದು ಪೂರ್ತಿ ಸುತ್ತು ಮುಂದಕ್ಕೆ ತಿರುಗಿಸಿದ್ರೆ ಅದೇ ಸಿಲಿಂಡರ್ ಕಂಪ್ರೆಷನ್ ತುದಿಗೆ ಬಂದಿರುತ್ತೆ, ಎರಡೂ ಟ್ಯಾಪೆಟ್ ಅಲ್ಲೇ ಸೆಟ್ ಮಾಡಿ. ಮೂರು ಸಿಲಿಂಡರಿಗೂ ಹೀಗೇ. ಫೀಲರ್ ಗೇಜ್ ಎಳೆದಾಗ ಬಿಗಿಯಾಗಿ ಕಚ್ಚಲೂ ಬಾರ್ದು ಸಡಿಲವಾಗಿ ಜಾರಲೂ ಬಾರ್ದು, ಬಂಡಲ್ ಮಧ್ಯದಿಂದ ಹೊಸ ನೋಟು ಎಳೆದ ಹಾಗೆ ಬರ್ಬೇಕು.

ಅದೂ ಸರಿ ಇದ್ದು ಸಿಲಿಂಡರ್ ಏಳದಿದ್ರೆ ಕಂಪ್ರೆಷನ್ ಗೇಜ್ ಹಾಕಿಸ್ಬೇಕು, ಡೀಸೆಲ್ ಗೇಜೇ ಆಗ್ಬೇಕು, ಪೆಟ್ರೋಲ್ ಗಾಡೀದು ತಡೆಯಲ್ಲ. ಒಳ್ಳೇ ಇಂಜಿನ್ 25ರಿಂದ 30 ಬಾರ್ ಆಸುಪಾಸು ತೋರಿಸುತ್ತೆ, ಆದ್ರೆ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಒಂದು ಮಾತ್ರ ತುಂಬಾ ಕೆಳಗಿದ್ರೆ ವಾಲ್ವ್, ರಿಂಗ್, ಗ್ಯಾಸ್ಕೆಟ್ ಮೂರರಲ್ಲೊಂದು. ಇಂಜಿನ್ ಒಳಗಿನ ಆವಿ ಹೊರಗೆ ಬಿಡೋ ಬ್ರೀದರ್ ಪೈಪಿಂದ ಪಫ್ ಪಫ್ ಅಂತ ಹೊಗೆ ಜೋರಾಗಿ ಬಂದ್ರೆ ರಿಂಗ್. ತಣ್ಣಗಿರೋ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಎಡೆಬಿಡದೆ ಗುಳ್ಳೆ ಎದ್ರೆ ಗ್ಯಾಸ್ಕೆಟ್. ಬಿಸಿ ಇದ್ದಾಗ ಆ ಮುಚ್ಚಳ ಮುಟ್ಬೇಡಿ.

ಪಂಪ್, ಟೈಮಿಂಗ್, ಹೊಸ ಗಾಡಿ

ಇಷ್ಟೆಲ್ಲಾ ಆಗಿ ಏನೂ ಸಿಗದಿದ್ರೆ ಆಗ ಪಂಪ್. ಬಿಚ್ಚೋಕೆ ಮುಂಚೆ ಪಂಪ್ ಫ್ಲ್ಯಾಂಜ್ ಮೇಲೂ ಇಂಜಿನ್ ಮೇಲೂ ಸೇರಿಸಿ ಒಂದು ಗೆರೆ ಗೀಚಿ, ಮೊಬೈಲಲ್ಲಿ ಫೋಟೋ ತೆಗೆದಿಡಿ. ಟೈಮಿಂಗ್ ಮುಂದಾದ್ರೆ ಗಟ್ಟಿಯಾಗಿ ಕಟ ಕಟ ಬಡಿಯುತ್ತೆ, ಹಿಂದಾದ್ರೆ ಬಿಳಿ ಹೊಗೆ, ಎಳೆತ ಇರಲ್ಲ. ಪಂಪಿನ ಸೀಲ್ ಒಡೆದು ಗದ್ದೆ ಬದುವಲ್ಲಿ ಕೂತು ರಿಪೇರಿ ಮಾಡೋ ಕೆಲಸ ಅದಲ್ಲ, ಕ್ಯಾಲಿಬ್ರೇಷನ್ ಬೆಂಚ್ ಇರೋ ಕಡೆ ಕೊಡಿ. ಸ್ಟಾರ್ಟ್ ಆಗ್ಲಿ ಅಂತ ಗಾಳಿ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯೋದನ್ನ ದಯವಿಟ್ಟು ಬಿಡಿ, ಪಿಸ್ಟನ್ ರಿಂಗ್ ಮುರಿದು ಹೋಗುತ್ತೆ, ಬೆಂಕಿನೂ ಹತ್ತುತ್ತೆ.

50 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೆ 2023ರ ಜನವರಿಯಿಂದ ಟ್ರೆಮ್ 4 ಅನ್ನೋ ಹೊಗೆ ನಿಯಮ ಬಂದಿರೋದ್ರಿಂದ ಹೊಸದ್ರಲ್ಲಿ ಸಾಮಾನ್ಯವಾಗಿ ಕಾಮನ್ ರೈಲ್, ಅಂದ್ರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿಂದ ಹೈ ಪ್ರೆಶರ್ ಡೀಸೆಲ್ ಕೊಟ್ಟು ಕಂಪ್ಯೂಟರ್ ನಡೆಸೋ ವ್ಯವಸ್ಥೆ ಇರುತ್ತೆ, ಜೀಪು ಕಾರಲ್ಲಂತೂ ಯಾವಾಗ್ಲೋ ಬಂದಿದೆ. ಅದರಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತೆ, ಓಡ್ತಿರೋವಾಗ ನಟ್ ಲೂಸ್ ಮಾಡೋ ಮೇಲಿನ ಟೆಸ್ಟ್ ಅಲ್ಲಿ ಮಾಡಲೇಬೇಡಿ, ಪ್ರಾಣಕ್ಕೇ ಅಪಾಯ. ಅದಕ್ಕೆ ಸ್ಕ್ಯಾನರ್ ಹಾಕಿಸಿ, ಯಾವ ಇಂಜೆಕ್ಟರ್ ಡೀಸೆಲ್ ವಾಪಸ್ (ರಿಟರ್ನ್) ಜಾಸ್ತಿ ಬಿಡ್ತಿದೆ ಅಂತ ಬಾಟಲಿ ಕಟ್ಟಿ ನೋಡೋದು ಅವರ ಕೆಲಸ. ಟ್ಯಾಂಕ್ ಮುಚ್ಚಳ, ನೀರು, ಫಿಲ್ಟರ್, ಏರ್ ಕ್ಲೀನರ್ ಮಾತ್ರ ಅಲ್ಲೂ ನೀವೇ ನೋಡಬಹುದು.

ನೋಜಲ್ ಬಿಚ್ಚಿ ಹಾಕಿದ್ರೆ ಹತ್ತು ಗಂಟೆ ಕೆಲಸ ಮಾಡಿದ್ಮೇಲೆ ಒಂದು ಸಲ ನಿಲ್ಲಿಸಿ, ಇಂಜಿನ್ ತಣ್ಣಗಾದ್ಮೇಲೆ ಬುಡದ ನಟ್‌ಗಳನ್ನ ಮತ್ತೆ ಮುಟ್ಟಿ ನೋಡಿ, ಹೊಸ ತಾಮ್ರ ಬಿಸಿಗೆ ಕೂತು ಸ್ವಲ್ಪ ಸಡಿಲ ಆಗಿರುತ್ತೆ. ಬಿಳಿ ಬಟ್ಟೆ ತುಂಡಲ್ಲಿ ನೋಜಲ್ ಸುತ್ತ ಒರೆಸಿ, ಬಟ್ಟೆ ಕಪ್ಪಾಗದೆ ಬಂದ್ರೆ ಗದ್ದೆಗಿಳಿಸಿ.